ಕೊನೆಯ ಡಬ್ಬಿ

ಮೊನ್ನೆ ಜೇವರ್ಗಿ ಸಂತೆಯಲ್ಲಿ ಬಾಳೆಹಣ್ಣಿನ ಗೋದಾಮಿನ ಮುಂದೆ ಹೋಗುವಾಗ ಕಾರ್ಬೈಡ್ ವಾಸನೆ ಮೂಗಿಗೆ ಬಡಿಯಿತು. ಕಾಯಿ ಬೇಗ ಹಣ್ಣಾಗಲೆಂದು ಇಟ್ಟಿದ್ದರೇನೋ. ಬೇರೆಯವರು ಮೂಗು ಮುಚ್ಚಿಕೊಂಡು ದಾಟಿದರು. ನಾನು ನಿಂತುಬಿಟ್ಟೆ. ಆ ವಾಸನೆ ಬಂದರೆ ನನಗೆ ನೆಲದ ಕೆಳಗಿನ ಒಂದು ಸಣ್ಣ ಕೋಣೆ, ಅದರೊಳಗಿನ ಕರಿ ಬೋರ್ಡು, ಬೋರ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತ ಕಾಕಾ ನೆನಪಾಗುತ್ತಾರೆ...

ಎಂಬತ್ತರ ದಶಕದಲ್ಲಿ ನಾನೂ ನನ್ನ ತಮ್ಮನೂ ಚೌಡಾಪುರದ ಹತ್ತಿರದ ನಮ್ಮೂರು ಬಿಟ್ಟು ದೂರದ ಗಣಿಯೊಂದಕ್ಕೆ ದುಡಿಯಲು ಹೋಗಿದ್ದೆವು. ಕಾಕಾ ಆಳಂದದವರು. ರಕ್ತಸಂಬಂಧ ಏನೂ ಇಲ್ಲ. "ನಮ್ ಕಡಿ ಹುಡುಗ್ರು ಅವ" ಎಂದು ಸಾಹೇಬರಿಗೆ ಹೇಳಿ ಇಬ್ಬರನ್ನೂ ಇಂಜಿನ್ ನಡೆಸುವ ಕೆಲಸಕ್ಕೆ ಹಚ್ಚಿದರು. ಸುರಂಗದೊಳಗೆ ಸಣ್ಣ ಹಳಿಗಳ ಮೇಲೆ ಅದಿರಿನ ಡಬ್ಬಿಗಳನ್ನು ಎಳೆಯುವ ಕರೆಂಟಿನ ಇಂಜಿನ್‌ಗಳು ಅವು.

ಹಳಿ ಒಂದೇ, ಇಂಜಿನ್ ಆರು. ಯಾರು ಎಲ್ಲಿದ್ದಾರೆಂದು ನಮಗೆ ಕಾಣುತ್ತಿರಲಿಲ್ಲ, ಕಾಕಾನಿಗೆ ಮಾತ್ರ ಕಾಣುತ್ತಿತ್ತು. ಬೋರ್ಡಿನ ಮೇಲೆ ಸುರಂಗಗಳ ಗೆರೆ, ಗೆರೆಯುದ್ದಕ್ಕೂ ಮೊಳೆ, ಮೊಳೆಗೆ ತೂಗುಹಾಕಿದ ಹಿತ್ತಾಳೆ ಬಿಲ್ಲೆಗಳು. ಒಂದೊಂದು ಬಿಲ್ಲೆ ಒಂದೊಂದು ಇಂಜಿನ್. ನಾವು ತಿರುವಿನಿಂದ ಫೋನ್ ಮಾಡಿ ಹೇಳಿದಂತೆ ಬಿಲ್ಲೆ ಸರಿಸಿ, ಎದುರಿನವನಿಗೆ ದಾರಿ ಬಿಡುತ್ತಿದ್ದರು. ಕರೆಂಟ್ ಹೋದರೂ ಬೋರ್ಡು ಕಾಣಬೇಕೆಂದು ಪಕ್ಕದಲ್ಲಿ ಸದಾ ಒಂದು ಕಾರ್ಬೈಡ್ ದೀಪ ಉರಿಯುತ್ತಿತ್ತು.

ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಪಾಳಿ ಶುರುವಾಗುವ ಮೊದಲು ಅದೇ ಬೋರ್ಡಿನ ಮೂಲೆಯಲ್ಲಿ ಕಾಕಾ ನನಗೆ ಅಕ್ಷರ ತಿದ್ದಿಸಿದರು. "ಲೇ, ಅಕ್ಷರ ಬರಿ ಅಂದ್ರ ಜಿಲೇಬಿ ಹಾಕೀದಿಯಲ್ಲೋ" ಎಂದು ನಗುತ್ತಿದ್ದರು. ಇವತ್ತು ಇಷ್ಟು ಬರೆಯುತ್ತಿದ್ದೇನೆ ಎಂದರೆ ಅದು ಅವರಿಂದ.

ಅವರದೊಂದು ಕಟ್ಟುನಿಟ್ಟು ಇತ್ತು. ಎದುರಿನವನಿಗೆ ದಾರಿ ಬಿಡಲು ತಿರುವಿನಲ್ಲಿದ್ದ ಪಕ್ಕದ ತುಂಡು ಹಳಿಗೆ ಸರಿದು ನಿಂತ ಮೇಲೆ ನಾವು ಇಳಿದು, ಹಿಂದಕ್ಕೆ ನಡೆದು, ಕೊನೆಯ ಡಬ್ಬಿಯನ್ನು ಕೈಯಿಂದ ಮುಟ್ಟಿ, ಅದರ ನಂಬರ್ ಓದಿ ಬಂದು ಫೋನಿನಲ್ಲಿ ಹೇಳಬೇಕು. ಹೂಂಗುಟ್ಟಿದರೆ ಒಪ್ಪುತ್ತಿರಲಿಲ್ಲ. "ಹೂಂ ಅನಬ್ಯಾಡ. ಬಾಯಿ ಬಿಟ್ಟು ಹೇಳು" ಎನ್ನುತ್ತಿದ್ದರು. ಕೊಂಡಿ ಕಳಚಿ ಒಂದು ಡಬ್ಬಿ ದಾರಿಯಲ್ಲೇ ಉಳಿದರೂ ಎದುರಿನಿಂದ ಬರುವವನ ಕತೆ ಮುಗಿದಂತೆ.

ಆ ದಿನ ತಿರುವಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾನು ಹಿಂದಕ್ಕೆ ನಡೆಯಲಿಲ್ಲ. ಅದಿರು ತುಂಬುವಾಗ ನೋಡಿದ ನಂಬರ್ ನೆನಪಿತ್ತು.

"ಕಡೀ ಡಬ್ಬಿ ನೋಡಿದ್ಯಾ?"

"ನೋಡೀನ್ರಿ ಕಾಕಾ. ನಲವತ್ತೊಂದು."

"ಮುಟ್ಟಿದ್ಯಾ?"

"ಮುಟ್ಟೀನ್ರಿ."

ಕಾಕಾ ಎದುರಿನ ಇಂಜಿನ್‌ಗೆ ದಾರಿ ಬಿಟ್ಟರು. ಅದನ್ನು ನಡೆಸುತ್ತಿದ್ದವನು ನನ್ನ ತಮ್ಮ. ನಲವತ್ತೊಂದು ನಂಬರಿನ ಆ ಕೊನೆಯ ಡಬ್ಬಿ ಕೊಂಡಿ ಕಳಚಿ ಮುಖ್ಯ ಹಳಿಯ ಮೇಲೆಯೇ ನಿಂತಿತ್ತು.

ಫೋನ್ ಮತ್ತೆ ಬಡಿಯಿತು. "ಲೇ, ಇಷ್ಟು ಜಲ್ದಿ ಹೆಂಗ ಹೋಗಿ ಬಂದಿ?" ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಎರಡನೆಯ ಸಲ ಕೇಳಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಕರೆಂಟ್ ಕಡಿದುಬಿಟ್ಟರು. ಇಡೀ ಸುರಂಗ ಕತ್ತಲಾಯಿತು. ತಮ್ಮನ ಇಂಜಿನ್ ಬಲಗುಂದಿ, ಉಳಿದ ಓಟದಲ್ಲೇ ತೆವಳುತ್ತ ಬಂದು ಡಬ್ಬಿಗೆ ತಾಗಿತು. ಅವನ ಬಲಗೈಯ ಎರಡು ಬೆರಳು ಹೋದವು. ಜೀವ ಉಳಿಯಿತು.

ವಿಚಾರಣೆಯಲ್ಲಿ ಸಾಹೇಬರು ಕೇಳಿದಾಗಲೂ ನಾನು "ನೋಡಿದ್ದೆ" ಎಂದೆ. ಕಾಕಾ ಒಮ್ಮೆ ನನ್ನ ಕಡೆ ತಿರುಗಿದರು. ಆಮೇಲೆ, "ದಾರಿ ಕೊಟ್ಟಾಂವ ನಾನ್ರಿ. ಉತ್ತರ ಜಲ್ದಿ ಬಂತು, ನನಗ ತಡಾಗಿ ತಿಳೀತು" ಎಂದರು. ಅಷ್ಟೇ. ಅವರನ್ನು ಬೋರ್ಡಿನಿಂದ ತೆಗೆದು ಮೇಲೆ ದೀಪ ಹಂಚುವ ಕೋಣೆಗೆ ಹಾಕಿದರು. ಆಸ್ಪತ್ರೆಯ ಹೊರಗೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಸಾಹೇಬ್ರಿಗಿ ನಂದು ನಾ ಹೇಳೀನಿ. ತಮ್ಮಗ ನಿಂದು ನೀ ಹೇಳು."

ನಾನು ಹೇಳಲಿಲ್ಲ... ಇವತ್ತು, ನಾಳೆ ಎನ್ನುತ್ತ ವರ್ಷಗಳು ಹೋದವು. ಸುರಂಗದಲ್ಲಿ ಕರೆಂಟ್ ಆಗಾಗ ಹೋಗುತ್ತಿತ್ತು, ಅಂದೂ ತಾನಾಗಿಯೇ ಹೋಯಿತೆಂದು ತಮ್ಮ ತಿಳಿದಿದ್ದ. ತನ್ನ ಬೆರಳು ಹೋದದ್ದು ಕಾಕಾನಿಂದ ಎಂದೇ ನಂಬಿದ್ದ. ನಿವೃತ್ತಿಯಾದ ಮೇಲೆ ಅವರೊಮ್ಮೆ ಬಾಳೆಹಣ್ಣಿನ ಚೀಲ ಹಿಡಿದು ನಮ್ಮ ಮನೆಗೆ ಬಂದರು. ತಮ್ಮ ಎದ್ದು ಒಳಗೆ ಹೋದ. ಕಾಕಾ ನನ್ನ ಮುಖ ನೋಡಿದರು. ನಾನಿನ್ನೂ ಹೇಳಿಲ್ಲವೆಂದು ಅವರಿಗೆ ತಿಳಿಯಿತು. ನೀರು ಕುಡಿದು, "ಬರ್ತೇನಿ" ಎಂದು ಹೋದರು. ಅವರು ತೀರಿಕೊಂಡಾಗ ಮಣ್ಣು ಮಾಡಲು ನಮ್ಮ ಮನೆಯಿಂದ ನಾನೊಬ್ಬನೇ ಹೋಗಿದ್ದೆ.

ಮೊನ್ನೆ ಸಂತೆಯಿಂದ ಮನೆಗೆ ಬಂದರೆ ತಮ್ಮನ ಮಗ ರಜೆಗೆ ಬಂದಿದ್ದ. ಅವನೂ ಗಣಿಯಲ್ಲೇ ಇದ್ದಾನೆ, ಆದರೆ ನೆಲದ ಮೇಲೆ, ಕಂಪ್ಯೂಟರಿನ ಮುಂದೆ. ಮೊಬೈಲಿನಲ್ಲಿ ತೋರಿಸಿದ. ಪರದೆಯ ಮೇಲೆ ಸುರಂಗಗಳ ಗೆರೆ, ಅದರಗುಂಟ ಸರಿಯುವ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಗಾಡಿ. ಕಾಕಾನ ಬೋರ್ಡೇ ಎದ್ದು ಬಂದಂತಿತ್ತು.

"ಗಾಡಿ ಎಲ್ಲದ ಅಂತ ಡ್ರೈವರ್ ಹೇಳೋದೇ ಬ್ಯಾಡ ದೊಡ್ಡಪ್ಪಾ. ಅದೇ ತೋರಸ್ತದ."

"ಆಗ ಇದು ಇದ್ದಿದ್ರ ಆ ಮುದುಕ ನನ್ನ ಬೆರಳ ತಿಂತಿದ್ದಿಲ್ಲ" ಎಂದ ತಮ್ಮ.

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. "ಅವ್ರಲ್ಲೋ. ನಾನು." ನೀರು, ನಂಬರ್, ಸುಳ್ಳು, ಎಲ್ಲ ಹೇಳಿದೆ.

ತಮ್ಮ ತನ್ನ ಬಲಗೈ ನೋಡಿಕೊಂಡ. "ಕರೆಂಟ್ ಕಡದವ್ರು ಅವ್ರೇನು?"

"ಹೂಂ."

"ಹೂಂ ಅನಬ್ಯಾಡ. ಬಾಯಿ ಬಿಟ್ಟು ಹೇಳು."

"ಅವ್ರೇ. ನಿನ್ನ ಜೀವ ಉಳಿಸಿದವ್ರು ಅವ್ರೇ."

"ಅವ್ರು ಹಣ್ಣ ತಂದಾಗ ನಾ ಎದ್ದು ಹೋದೆ. ನೀ ಸುಮ್ನ ನೋಡ್ಕೋತ ಕುಂತಿದ್ದಿ." ಎದ್ದು ನಿಂತು, "ನಾಳಿ ಆಳಂದಕ್ಕ ನಡಿ" ಎಂದ.

"ಅವ್ರಿಲ್ಲಲ್ಲೋ."

"ಮಣ್ಣ ಮಾಡಿದ ಜಾಗ ಇನ್ನೂ ಅದ."

ಬಸ್ಸಿನಲ್ಲಿ ತಮ್ಮ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತ. ಅವನು, ಅವನ ಮಗ, ನಮ್ಮ ಅಂಗಳದಲ್ಲಿ ಆಡುವ ಮೊಮ್ಮಕ್ಕಳು, ಇವರೆಲ್ಲ ಇರುವುದು ಕಾಕಾ ಕರೆಂಟ್ ಕಡಿದ ಆ ಗಳಿಗೆಯಿಂದ ಎಂದು ಕಿಟಕಿಯಾಚೆ ನೋಡುತ್ತ ಯೋಚಿಸಿದೆ. ಕಾಕಾನ ಸಮಾಧಿ ಅವರ ಹೊಲದ ಆ ತುದಿಯಲ್ಲಿತ್ತು. ಎರೆಮಣ್ಣಿನ ಕೆಸರು ತುಳಿಯುತ್ತ ನಡೆದೆವು. ತಮ್ಮ ಮೂರು ಬೆರಳಿನ ಕೈಯಿಂದ ಬಾಳೆಹಣ್ಣು ಇಟ್ಟು, ಹಣೆ ಹಚ್ಚಿ, ದೂರ ಸರಿದು ನಿಂತ.

ನಾನು ಬಗ್ಗಿ ಕಲ್ಲಿನ ಮೇಲೆ ಕೈಯಿಟ್ಟೆ.

"ಮುಟ್ಟೀನ್ರಿ ಕಾಕಾ."

ಆ ಕಡೆಯಿಂದ ಕೇಳುವವರು ಇರಲಿಲ್ಲ...