ಬ್ರೋಕರ್ ಮಾವ ಮಾರಿದ ಅರ್ಧ ಮನೆ

ಪಕ್ಕದ ಮನೆಯ ಕಾಂಪೌಂಡಿನ ಮೇಲೆ ‘ಮನೆ ಮಾರಾಟಕ್ಕಿದೆ’ ಎಂದು ಕೆಂಪಕ್ಷರದಲ್ಲಿ ಬರೆಸಿದ ದಿನ, ಹಸಿ ಪೇಂಟಿನ ವಾಸನೆ ನಮ್ಮ ಅಡುಗೆಮನೆವರೆಗೂ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸ್ಟವ್ ಆರಿಸಿ ಕೂತುಬಿಟ್ಟೆ. ಬಂಗಾರಪೇಟೆಯಲ್ಲಿ ಅದೆಷ್ಟೋ ಮನೆ ಮಾರಿಸಿದ ಬ್ರೋಕರ್ ಮಾವನ ಸ್ವಂತ ಮನೆಗೇ ಈಗ ಆ ಬರಹ...

ಮಾವ ಎಂದರೆ ನೆಂಟನೇನಲ್ಲ. ಅಮ್ಮ ಅವನನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಕೆಜಿಎಫ್‌ನಲ್ಲಿ, ನಂದಿದುರ್ಗ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಗಣಿ ಮುಚ್ಚಿದ ಮೇಲೆ ಅಪ್ಪನಿಗೆ ಬೆಂಗಳೂರು ಕಡೆ ಫ್ಯಾಕ್ಟರಿ ಕೆಲಸ ಸಿಕ್ಕಿತು. ರೈಲಿಗೆ ಹತ್ತಿರವಾಗಲೆಂದು ಬಂಗಾರಪೇಟೆಯಲ್ಲಿ ಮನೆ ಹುಡುಕಲು ಶುರು ಮಾಡಿದೆವು.

ಸಾಲುಮನೆಯಲ್ಲಿ ಪಕ್ಕದವರ ಕೆಮ್ಮು ಕೇಳುತ್ತಾ ಬದುಕಿದವರಿಗೆ ನಾಲ್ಕೂ ಕಡೆ ಜಾಗ ಬಿಟ್ಟ ಒಂಟಿ ಮನೆಯೇ ಆಸೆ ಎಂದು ಮಾವ ತಿಳಿದಿದ್ದ. ಅಂಥವನ್ನೇ ಹುಡುಕಿ ಹೆಮ್ಮೆಯಿಂದ ತೋರಿಸುತ್ತಿದ್ದ. ಅಮ್ಮ ಒಂದಕ್ಕೂ ಒಪ್ಪಲಿಲ್ಲ. ಒಂದು ಮನೆಗೆ ಮೆಟ್ಟಿಲು ಜಾಸ್ತಿ, ಇನ್ನೊಂದಕ್ಕೆ ನಲ್ಲಿ ದೂರ, ಮತ್ತೊಂದರ ಮುಂದೆ ಬೇವಿನ ಮರ. ಬೇವಿನ ಮರ ಯಾವಾಗಿನಿಂದ ತಪ್ಪಾಯಿತು ಎಂದು ಅಪ್ಪ ರೇಗಿದ. ಆರನೇ ಮನೆ ನೋಡುವ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟಿದ್ದರು.

ಕೊನೆಗೆ ಮಾವನೇ ಅಮ್ಮನನ್ನು ಕೇಳಿದ. “ಮನೇಲಿ ಏನೂ ತಪ್ಪಿಲ್ಲ ಬಿಡಕ್ಕಾ. ನಿಂಗೇನು ಭಯ?”

ಅಮ್ಮ ನನ್ನನ್ನು ಮುಂದಕ್ಕೆಳೆದು ನಿಲ್ಲಿಸಿದಳು. ಚಿಕ್ಕಂದಿನಲ್ಲಿ ನನಗೆ ವಿಪರೀತ ಉಬ್ಬಸ.

“ಇವರಪ್ಪ ಡ್ಯೂಟಿಗೋದ್ರೆ ನಾನೊಬ್ಳೇ. ಇವ್ಳಿಗೆ ಉಸ್ರು ಕಟ್ಟಿದ್ರೆ ಲೈನಲ್ಲಿ ಗೋಡೆ ತಟ್ತೀನಿ, ಪಕ್ಕದವ್ರು ಓಡ್ಬತ್ತಾರೆ. ಇಲ್ಲಿ ಯಾವ ಗೋಡೆ ತಟ್ಲಿ ಅಣ್ಣಾ?”

ಮಾವ ನಮಗೆ ಟೀ ಕುಡಿಸಿ ಕಳಿಸಿದ. ಮಾರನೇ ದಿನ ತಾನೇ ಬಸ್ಸು ಹತ್ತಿ ನಮ್ಮ ಲೈನಿಗೆ ಬಂದ. ಮಗಳು ಅಳಿಯ ಮುಂದೆ ಪಕ್ಕದಲ್ಲೇ ಇರಲೆಂದು ತನ್ನ ಮನೆಗೆ ಸೇರಿಸಿ ಕಟ್ಟಿಸಿದ್ದ ಭಾಗವನ್ನು ನಮಗೆ ಕೊಡುತ್ತೇನೆ ಎಂದ. “ಸೂರು ಒಂದ್ಮೂಲೆ ಸೋರ್ತೈತೆ, ಬಚ್ಚಲ ಬಾಗ್ಲು ಸರಿಯಾಗಿ ಕೂರಲ್ಲ. ಆದ್ರೆ ಗೋಡೆ ಒಂದೇ ಕಣಕ್ಕಾ.” ಮಾರುವ ಮನೆಯ ಹುಳುಕನ್ನು ತಾನೇ ಹೇಳಿಕೊಂಡ ಇನ್ನೊಬ್ಬ ಬ್ರೋಕರನ್ನು ನಾನು ಕಂಡಿಲ್ಲ. ಅವನ ಹೆಂಡತಿ ಒಂದು ವಾರ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲವಂತೆ.

ಅಲ್ಲಿಗೆ ಹೋದ ಎರಡನೇ ತಿಂಗಳು, ಒಂದು ಬೆಳಿಗ್ಗೆ ನನಗೆ ಉಸಿರು ಸಿಕ್ಕಿಕೊಂಡಿತು. ಅಮ್ಮ ಗೋಡೆ ತಟ್ಟಿದಳು. ಮೊದಲು ಓಡಿಬಂದವಳು ಆ ಮುನಿಸಿಕೊಂಡಿದ್ದ ಹೆಂಡತಿಯೇ. ಹಿಂದೆಯೇ ಅರ್ಧ ಗಡ್ಡಕ್ಕೆ ಸೋಪು ಮೆತ್ತಿಕೊಂಡ ಮಾವ. ಹಾಗೇ ಮೊಪೆಡ್ ಹತ್ತಿ, ಅಮ್ಮನನ್ನೂ ನನ್ನನ್ನೂ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಅವನ ಮುಖ ನೋಡಿ ನರ್ಸ್ ನಕ್ಕಿದ್ದು ನೆನಪಿದೆ... ಆಮೇಲೆ ಎಷ್ಟು ಸಲ ತಟ್ಟಿದೆವೋ, ಲೆಕ್ಕವಿಲ್ಲ.

ಈಗ ಅದೇ ಮನೆಯಲ್ಲಿ ಕೂತು ನಾನು ಬ್ಲೌಸ್ ಹೊಲಿಯುತ್ತೇನೆ. ಮಾವನ ಹೆಂಡತಿ ಮೊದಲು ಹೋದಳು, ಹೋದ ವರ್ಷ ಮಾವ. ಕುಪ್ಪಂನಲ್ಲಿರುವ ಅವರ ಮಗಳು ಮನೆ ತೋರಿಸುವ ಕೆಲಸವನ್ನು ನನಗೇ ವಹಿಸಿದಳು. ಬಂದವರೆಲ್ಲ ವಾಸ್ತು ಕೇಳಿದರು, ಬೋರ್‌ವೆಲ್ ಕೇಳಿದರು. ಕ್ಯಾಸಂಬಳ್ಳಿ ಕಡೆಯ ಒಬ್ಬ ಹೆಂಗಸು ಮಾತ್ರ ಏನೂ ಕೇಳದೆ ಸುಮ್ಮನೆ ನಿಂತಿದ್ದಳು. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ತನ್ನ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ ಎಂದು ಗಂಡ ಹೇಳಿದ್ದ.

“ಹಗಲೊತ್ತು ಅವ್ರನ್ನ ಯಾರು ನೋಡ್ಕೊಂತಾರೆ?” ಎಂದು ನಾನೇ ಕೇಳಿದೆ.

“ಅದೇ ಯೋಚ್ನೆ ಅಕ್ಕಾ,” ಎಂದು ತಲೆ ತಗ್ಗಿಸಿದಳು.

“ನಾನಂತೂ ದಿನಾ ಪೂರ್ತಿ ಮನೇಲೇ ಇರ್ತೀನಿ,” ಎಂದೆ.

ಮಾವ ಇದನ್ನು ನೋಡಬೇಕಿತ್ತು. ಅವನಿಲ್ಲ, ಆ ಸಂಕಟ ನನಗಿದ್ದೇ ಇದೆ. ಮನೆ ಕೊಂಡ ಆ ಗಂಡ ಹೆಂಡತಿ ಹೋದ ಶುಕ್ರವಾರ ಹಾಲು ಉಕ್ಕಿಸಿದರು. ಸೋಮವಾರ ಕೆಲಸಕ್ಕೆ ಹೊರಟವಳು ನಮ್ಮ ಬಾಗಿಲಲ್ಲಿ ನಿಂತಳು. ಅವರಿಗಿದ್ದದ್ದು ಎರಡು ಬೀಗದ ಕೈ. ಒಂದನ್ನು ನನ್ನ ಕೈಯಲ್ಲಿಟ್ಟು, ಬಸ್ಸು ಹಿಡಿಯಲು ಓಡಿದಳು.