ಚಾವಿ ಬಿಟ್ಟ ಮೇಲೆ ಸ್ಟಾರ್ಟ್ ಆಗುವ ಕಾರು

ಕಳೆದ ವಾರ ಹಳೆಯ ಕಾರೊಂದರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದಾಗ ಬಟ್ಟೆ ಟೇಪಿನ ಡಾಂಬರಿನಂಥ ವಾಸನೆ ಬಂತು. ವಯರಿನ ಕಟ್ಟಿಗೆ ಟೇಪು ಸುತ್ತಿದ ರೀತಿ ನೋಡಿದೆ. ನನ್ನದೇ ಕೈ. ಶಿರ್ವದ ಬಾಯಮ್ಮನ ಕಾರು...

ಕಟಪಾಡಿಯಲ್ಲಿ ನನ್ನದು ವಾಹನಗಳ ವಯರಿಂಗ್ ಅಂಗಡಿ. ಓದಿದ್ದು ಹೈಸ್ಕೂಲು. ಎಷ್ಟೋ ವರ್ಷಗಳ ಹಿಂದೆ ಬಾಯಮ್ಮನ ಗಂಡ ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲೇ ನಿಂತಿತ್ತು. ಅದನ್ನು ತಾನೇ ಓಡಿಸಬೇಕು, ಯಾರನ್ನೂ ಕಾಯದೆ ಮಣಿಪಾಲಕ್ಕೆ ಹೋಗಿ ಬರಬೇಕು ಎಂದು ಅವರಿಗೆ ಆಸೆ. ದುಬೈಯಲ್ಲಿದ್ದ ಅವರ ತಮ್ಮ ಕಾರಿಗೆ ಹಾಕಲು ಒಂದು ಇಂಜಿನ್ ಕಂಪ್ಯೂಟರ್ ತಂದುಕೊಟ್ಟಿದ್ದ. ಇಂಜಿನ್ನಿನೊಳಗೆ ಕಿಡಿ ಯಾವಾಗ ಹಾರಬೇಕೆಂದು ಅದೇ ಲೆಕ್ಕ ಹಾಕುತ್ತದೆ. ಅಂಥದ್ದನ್ನು ನಾನು ಕಂಡದ್ದು ಅದೇ ಮೊದಲು. ಆದರೂ ಗೊತ್ತಿದ್ದವನಂತೆ ಒಪ್ಪಿಕೊಂಡೆ.

ಬಾಯಮ್ಮ ಸ್ಟೂಲು ಎಳೆದು ಪಕ್ಕದಲ್ಲೇ ಕೂತರು. "ಈ ಕೆಂಪು ವಯರ್ ಎಲ್ಲಿಗೆ ಹೋಗುವುದು ಮೇಸ್ತ್ರಿ? ಇಷ್ಟು ಸಣ್ಣ ಪೆಟ್ಟಿಗೆಗೆ ಅಷ್ಟು ಬುದ್ಧಿ ಉಂಟಾ?"

"ನಿಮಗೆ ಪರೀಕ್ಷೆ ಬರೆಯಲಿಕ್ಕೆ ಉಂಟಾ ಬಾಯಮ್ಮ?"

"ಬರೆದರೂ ನೀವು ಫೇಲು ಮಾಡ್ತೀರಿ ಮಾರಾಯ್ರೆ," ಎಂದು ನಕ್ಕರು.

ಹಳೆಯ ವಯರಿಗೆ ಹೊಸದನ್ನು ಜೋಡಿಸಿ ಉದ್ದಕ್ಕೂ ಟೇಪು ಸುತ್ತಿದೆ. ನನ್ನ ಆ ಸುತ್ತು ನೋಡಲು ಕಾರ್ಕಳದಿಂದಲೂ ಮೆಕ್ಯಾನಿಕ್‌ಗಳು ಬರುತ್ತಿದ್ದ ಕಾಲ. ಚಾವಿ ತಿರುಗಿಸಿ ಹಿಡಿದರೆ ಇಂಜಿನ್ ಬರಿದೆ ತಿರುಗಿತು. ಕೈ ಬಿಟ್ಟ ಕ್ಷಣ ಸ್ಟಾರ್ಟ್ ಆಯಿತು!

"ಬಿಟ್ಟ ಮೇಲೆ ಯಾಕೆ?" ಬಾಯಮ್ಮನ ಕಣ್ಣು ಅರಳಿತು.

"ಅದು ಕೈಯ ಅಂದಾಜು. ಫಕ್ಕನೆ ಬಿಡಬೇಕು. ಅಭ್ಯಾಸ ಆಗ್ತದೆ."

ಕಾರಣ ನನಗೆ ಅದೇ ಸಂಜೆ ಹೊಳೆಯಿತು. ಚಾವಿಯ ಹಿಂದಿನ ವಯರುಗಳಲ್ಲಿ ಒಂದು, ರೇಡಿಯೋದ್ದು, ಇಂಜಿನ್ ತಿರುಗಿಸುವಷ್ಟು ಹೊತ್ತು ಸತ್ತೇ ಇರುತ್ತದೆ. ನಾನು ಕಂಪ್ಯೂಟರಿಗೆ ಕರೆಂಟು ಕೊಟ್ಟದ್ದು ಅದರಿಂದ. ಕಿಡಿ ಬೇಕಾದ ಹೊತ್ತಿಗೇ ಅದಕ್ಕೆ ನಿದ್ದೆ. ಸರಿಮಾಡಲು ಸುತ್ತು ಹರಿಯಬೇಕಿತ್ತು, ಎಲ್ಲರ ಎದುರು. ಹರಿಯಲಿಲ್ಲ.

ಬಾಯಮ್ಮ ಆ ಅಂದಾಜನ್ನೂ ಕಲಿತರು. ಕೆಲವು ತಿಂಗಳು ಓಡಿಸಿದರು. ಒಂದು ದಿನ ಸಂತೆಕಟ್ಟೆ ಜಂಕ್ಷನ್ನಿನ ನಡುವೆ ಕಾರು ನಿಂತಿತಂತೆ. ಹಿಂದೆ ಬಸ್ಸುಗಳ ಹಾರ್ನು. ಗಾಬರಿಯಲ್ಲಿ ಚಾವಿ ತಿರುಗಿಸಿ ಹಿಡಿದೇ ಕೂತರಂತೆ... ಕೊನೆಗೆ ಜನ ತಳ್ಳಿ ಬದಿಗೆ ಹಾಕಿದರು.

"ನನಗೆ ಆ ಕೈ ಇಲ್ಲ ಮೇಸ್ತ್ರಿ. ನೀವು ಹೇಳಿದ್ದೇ ಸರಿ," ಎಂದರು ಅಂಗಡಿಗೆ ಬಂದು. ತಪ್ಪು ನನ್ನದೆನ್ನಲು ಬಾಯಿ ತೆರೆದೆ. ಗಿರಾಕಿಗಳಿದ್ದರು. ಚಹಾ ತರಿಸಿದೆ.

ಅವರು ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ.

ಈಗ ಕಾರು ತಂದವಳು ಅವರ ತಮ್ಮನ ಮಗಳು. ಬಾಯಮ್ಮ ತೀರಿಹೋಗಿ ಎರಡು ವರ್ಷವಾಯಿತಂತೆ. "ಚಾವಿ ಬಿಟ್ಟರೆ ಮಾತ್ರ ಇದು ಸ್ಟಾರ್ಟ್ ಆಗುವುದು ಅಂಕಲ್. ಆಂಟಿ ಹೇಳಿಕೊಟ್ಟದ್ದು. ತನಗೇ ಆ ಕೈ ಇಲ್ಲ ಅಂತಿದ್ದರು."

ಸುತ್ತು ಹರಿದೆ. ಒಂದು ವಯರನ್ನು ಬಿಚ್ಚಿ, ಇಂಜಿನ್ ತಿರುಗಿಸುವಾಗಲೂ ಕರೆಂಟು ಇರುವ ಪಕ್ಕದ್ದಕ್ಕೆ ಜೋಡಿಸಿದೆ, ಅಷ್ಟೇ. ಅವಳು ಕೈ ಬಿಡುವ ಮೊದಲೇ ಇಂಜಿನ್ ಗುರ್ರೆಂದಿತು.

"ಎಂತ ಮಾಡಿದಿರಿ?"

ಎಲ್ಲ ಹೇಳಿದೆ. ಅವಳು ಇಂಜಿನ್ ಆಫ್ ಮಾಡಿದಳು. "ಆಂಟಿ ಇರುವಾಗ ಹೇಳಬಹುದಿತ್ತು ಅಲ್ವಾ?"

ಹೇಳಬಹುದಿತ್ತು. ಹೇಳಿದ್ದರೆ ಬಾಯಮ್ಮ ಸಿಟ್ಟಾಗುವ ಮೊದಲು "ಯಾವ ವಯರ್, ತೋರಿಸಿ ಮೇಸ್ತ್ರಿ" ಎಂದು ಸ್ಟೂಲು ಎಳೆಯುತ್ತಿದ್ದರು... ಕಾರು ಹೋದ ಮೇಲೂ ಹರಿದ ಟೇಪಿನ ಅಂಟು ಬೆರಳಿನಲ್ಲೇ ಇತ್ತು.