ಗೋಡೆಗಾ, ಅರ್ಜಿಗಾ?

ಮನೆಯ ಪ್ರಿಂಟರಿನ ಇಂಕ್ ಮೊನ್ನೆ ಮುಗಿಯಿತೆಂದು ರಾಜೀವನಗರದ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಎರಡು ಬಾಟಲಿ ಮುಂದಿಟ್ಟು, "ಇದು ಕಂಪನೀದು, ಇದು ಲೋಕಲ್ಲು. ಬರೀ ಅಕ್ಷರಕ್ಕಾದ್ರೆ ಲೋಕಲ್ಲೇ ಸಾಕು ಕಣ್ರೀ. ಫೋಟೋ ಇಟ್ಕೊಳ್ಳೋದಾದ್ರೆ ಬ್ಯಾಡ, ಮಾಸೋಗುತ್ತೆ" ಅಂದಳು. ಮುಚ್ಚಳ ತೆಗೆದಾಗ ಸ್ಪಿರಿಟ್ಟಿನಂಥ ವಾಸನೆ ಮೂಗಿಗೆ ಬಡಿಯಿತು. ನನಗೆ ರೇಗಿಹೋಯಿತು. ಅವಳ ಮೇಲಲ್ಲ. ಇಷ್ಟನ್ನು ಹೇಳಲು ಆಕೆಗೆ ಅರ್ಧ ನಿಮಿಷ ಹಿಡಿದಿರಬಹುದು. ಆ ಅರ್ಧ ನಿಮಿಷವನ್ನು ನಮಗೆ ಕೊಡದೆ ಹೋದ ಒಬ್ಬರ ಮೇಲೆ...

ನಾವಾಗ ವಿದ್ಯಾರಣ್ಯಪುರಂನಲ್ಲಿದ್ದೆವು, ಅಮ್ಮ ಮತ್ತು ನಾನು. ರಸ್ತೆಯ ತಿರುವಿನಲ್ಲಿ ಒಂದು ಸ್ಟುಡಿಯೋ. ಅದರ ಯಜಮಾನರನ್ನು ಇಡೀ ಬೀದಿ ಸ್ಟುಡಿಯೋದವರು ಅನ್ನುತ್ತಿತ್ತು, ನಾನು ಅಂಕಲ್ ಅನ್ನುತ್ತಿದ್ದೆ. ತೊಂಬತ್ತರ ದಶಕದಲ್ಲಿ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೋಟೋ ತೆಗೆದವರೂ ಅವರೇ. ಯಾರೇ ಒಳಗೆ ಕಾಲಿಡಲಿ, ಮೊದಲು ಒಂದೇ ಪ್ರಶ್ನೆ: "ಗೋಡೆಗಾ, ಅರ್ಜಿಗಾ?" ಗೋಡೆಗೆ ಎಂದರೆ ದೊಡ್ಡದು, ಅರ್ಜಿಗೆ ಎಂದರೆ ಪಾಸ್‌ಪೋರ್ಟ್ ಸೈಜು. ಎರಡರ ನೆಗೆಟಿವನ್ನೂ ಕವರಿಗೆ ಹಾಕಿ, ಹೆಸರು ಬರೆದು ಕಪಾಟಿನಲ್ಲಿ ಜೋಡಿಸಿಡುತ್ತಿದ್ದರು. ಭಾರಿ ಅಚ್ಚುಕಟ್ಟಿನ ಮನುಷ್ಯ. ಹಣೆಯ ಮೇಲೆ ನಾಲ್ಕು ಕೂದಲು ಹಾರಿದ್ದರೂ ಕೈಗೆ ಬಾಚಣಿಗೆ ಕೊಟ್ಟು ಕನ್ನಡಿಯತ್ತ ಕಳಿಸುತ್ತಿದ್ದರು. ನಾವೆಲ್ಲ ಅವರನ್ನು ಕಣ್ಣು ಮುಚ್ಚಿಕೊಂಡು ನಂಬಿದ್ದೆವು.

ಅಮ್ಮನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಮದುವೆಯ ಕಪ್ಪುಬಿಳುಪು ಫೋಟೋದಲ್ಲೂ ತಲೆ ತಗ್ಗಿಸಿ ಕೂತ ಹುಡುಗಿ, ಮುಖವೇ ಕಾಣದು. ಅಪ್ಪ ತೀರಿಕೊಂಡ ಮೇಲಂತೂ ಯಾವ ಮದುವೆಮನೆಯಲ್ಲಿ ಕರೆದರೂ, ಎಲೆ ಹಾಕಬೇಕು ಎಂಬ ನೆಪ ಹೇಳಿ ಒಳಗೆ ಜಾರಿಕೊಳ್ಳುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಅಮ್ಮನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಫೋಟೋ ಬೇಕಾಯಿತು. ಒಂದು ಮಧ್ಯಾಹ್ನ, ಮೊದಲ ಶಿಫ್ಟ್ ಮುಗಿಸಿ ಬಂದವಳೇ ಬಲವಂತವಾಗಿ ಅವಳನ್ನು ಹೊರಡಿಸಿದೆ.

ಸ್ಟುಡಿಯೋ ಬದಲಾಗಿತ್ತು. ಕಪಾಟಿನ ಜಾಗದಲ್ಲಿ ಕಂಪ್ಯೂಟರ್, ಪಕ್ಕಪಕ್ಕ ಎರಡು ಪ್ರಿಂಟರ್. ವ್ಯಾಪಾರ ಜೋರಾಗಿದೆ ಅಂದುಕೊಂಡೆ. ಪ್ರಶ್ನೆ ಮಾತ್ರ ಹಳೆಯದೇ. "ಗೋಡೆಗಾ, ಅರ್ಜಿಗಾ?"

"ಅರ್ಜಿಗೇ ಅಂಕಲ್" ಅಂದೆ. ನನ್ನ ಬಾಯಿಂದಲೇ ಬಂತು.

ಅಮ್ಮ ಸ್ಟೂಲಿನ ಮೇಲೆ ಕಲ್ಲಿನ ಹಾಗೆ ಕೂತಳು. ಅವರು ಕ್ಯಾಮೆರಾದ ಹಿಂದಿನಿಂದ, "ಅಕ್ಕೋರೇ, ಸ್ವಲ್ಪ ನಗ್ರೀ. ಬ್ಯಾಂಕ್ ಮುಚ್ಸೋಕೇ ಬಂದವ್ರೆ ಅಂದ್ಕೊಂಡ್ಬುಡ್ತಾರೆ!" ಅಂದರು. ಅಮ್ಮ ನಕ್ಕೇಬಿಟ್ಟಳು. ಹಸಿರು ಸೀರೆ, ಹಣೆಯ ಮೇಲೆ ಮೂರೆಳೆ ವಿಭೂತಿ, ಮುಂದಿನ ಹಲ್ಲಿನ ಸಂದು ಕಾಣುವ ನಗು. ಆ ನಗುವನ್ನು ಹೊರಗೆ ತಂದದ್ದು ಅವರೇ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ನಾಲ್ಕು ಪ್ರತಿ ಕೊಟ್ಟರು. ಮೂರು ಬ್ಯಾಂಕಿಗೆ ಹೋದವು. ಉಳಿದ ಒಂದನ್ನು ಹಜಾರದ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದೆ.

ಎರಡು ವರ್ಷ ಕಳೆಯುವುದರೊಳಗೆ ಅಮ್ಮ ಹೋದಳು. ಬೆಳಗ್ಗೆ ಎದೆನೋವು ಅಂದವಳು ಮಧ್ಯಾಹ್ನಕ್ಕೆ ಇರಲಿಲ್ಲ. ಶಿವಗಣಾರಾಧನೆಗೆ ದೊಡ್ಡ ಫೋಟೋ ಇಡಬೇಕು ಎಂದು ಬಂಧುಗಳು ಹೇಳಿದಾಗ ಕನ್ನಡಿಯಿಂದ ಅದನ್ನು ತೆಗೆದೆ. ದಿನವೂ ಎದುರಿಗಿದ್ದದ್ದು, ಆದರೂ ಅವತ್ತೇ ನೋಡಿದ್ದು. ಸೀರೆ ಹಳದಿಯಾಗಿತ್ತು. ಮುಖ ಕೆಂಪಿಗೆ ತಿರುಗಿ, ಕಣ್ಣು ಬಾಯಿ ಎಲ್ಲ ಕಲಸಿಹೋಗಿದ್ದವು. ಚೌಕಟ್ಟಿನ ಸಂದಿಯಲ್ಲಿ ಅಡಗಿದ್ದ ಕಡ್ಡಿಯಷ್ಟು ಅಂಚು ಮಾತ್ರ ಇನ್ನೂ ಹಸಿರು. ಪಾಸ್‌ಬುಕ್ಕಿನ ಪ್ರತಿ ಸೀಲು ಬಿದ್ದು ಕದಡಿಹೋಗಿತ್ತು. ಉಳಿದೆರಡು ಬ್ಯಾಂಕಿನವರಿಗೇ ಸಿಗಲಿಲ್ಲ.

ಸ್ಟುಡಿಯೋಕ್ಕೆ ಓಡಿದೆ. ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ ಎಂಬ ಧೈರ್ಯ. ಅವರು ಫೋಟೋ ತಿರುಗಿಸಿ ನೋಡಿದರು, ನನ್ನ ಮುಖ ನೋಡಲಿಲ್ಲ.

"ಅರ್ಜೀದಲ್ವಾ ಕಣಮ್ಮ... ಅಳಿಸ್ಬುಟ್ಟಿದೀನಿ. ಗೋಡೇವು ಮಾತ್ರ ಸಿಡಿಗೆ ಹಾಕ್ಕೋತೀನಿ. ಇಂಕೂ ಅಷ್ಟೇ, ಗೋಡೇದಕ್ಕೆ ಆ ಪ್ರಿಂಟರ್ರು, ಕಂಪನಿ ಇಂಕು. ಅರ್ಜೀದಕ್ಕೆ ಇದು, ಲೋಕಲ್ಲು. ಅದಕ್ಕೇ ಅಲ್ವಾ ನಾನು ಎಲ್ರನ್ನೂ ಕೇಳೋದು?"

"ನೀವು ಸೈಜ್ ಕೇಳ್ತಿದೀರಾ ಅಂದ್ಕೊಂಡೆ!" ಎಂದು ಕಿರುಚಿದೆ. "ನಮ್ಮಮ್ಮನ ಮುಖ ಎಷ್ಟು ದಿನ ಇರ್ಬೇಕು ಅಂತ ತೀರ್ಮಾನ ಮಾಡೋಕೆ ನೀವ್ಯಾರು?"

ಬೀದಿಯವರು ಬಂದು ಬಾಗಿಲಲ್ಲಿ ನಿಂತರು. ನಾನು ನಿಲ್ಲಿಸಲಿಲ್ಲ. ಇವತ್ತಿಗೂ ನನ್ನ ವಾದ ಅದೇ. ಯಂತ್ರ ಬದಲಾಯಿತು, ಇಂಕ್ ಎರಡಾಯಿತು, ಪ್ರಶ್ನೆಯನ್ನು ಮಾತ್ರ ಬದಲಿಸಬೇಕು ಎಂದು ಅವರಿಗೆ ಹೊಳೆಯಲಿಲ್ಲ. ಎಷ್ಟು ಮನೆಗಳ ಸಾವಿಗೆ ಫೋಟೋ ದೊಡ್ಡದು ಮಾಡಿಕೊಟ್ಟ ಮನುಷ್ಯ! ಹಾರ ಹಾಕಿಸಿಕೊಂಡು ಗೋಡೆಯಲ್ಲಿರುವ ಮುಖಗಳಲ್ಲಿ ಅರ್ಧ ಅರ್ಜಿಯಿಂದಲೇ ಬಂದವು ಎಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಲೋಕಲ್ ಇಂಕ್ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಒಂದು ಮಾತು ಬಿಡಿಸಿ ಹೇಳಿದ್ದರೆ ಅಷ್ಟು ಸಾಕಿತ್ತು.

ಆರಾಧನೆಯ ದಿನ ಅವರೇ ಕಟ್ಟು ಹಾಕಿದ ಫೋಟೋ ಹೊತ್ತುಕೊಂಡು ಬಂದರು. ನಾನು ಅವತ್ತು ಅಲ್ಲೇ ಬಿಟ್ಟುಬಂದಿದ್ದ ಮಾಸಿದ ಫೋಟೋವನ್ನೇ ಕಂಪ್ಯೂಟರಿನಲ್ಲಿಟ್ಟುಕೊಂಡು ಎರಡು ದಿನ ಕೂತು ತಿದ್ದಿದ್ದರಂತೆ. ಸೀರೆ ಹಸಿರಾಗಿತ್ತು. ವಿಭೂತಿ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಕಾಣದ ಕಣ್ಣು ತುಟಿಗಳನ್ನು ಅಂದಾಜಿನಲ್ಲಿ ಬರೆದಿದ್ದರು. ಬಂಧುಗಳು "ಅಂಗೇ ಅವ್ರೆ, ಎದ್ದು ಬರೋ ಅಂಗವ್ರೆ" ಎಂದು ಕಣ್ಣೊರೆಸಿಕೊಂಡರು. ನನಗೆ ಕಂಡದ್ದೇ ಬೇರೆ: ಚೌಕಟ್ಟಿನೊಳಗೆ ಯಾರೋ ಒಬ್ಬ ಸೌಮ್ಯವಾದ ಹೆಂಗಸು, ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಅವರು ನನ್ನ ಹತ್ತಿರ ಬಂದು ಮೆಲ್ಲಗೆ, "ನಗು ಬರ್ಲಿಲ್ಲ ಕಣಮ್ಮ. ಎಷ್ಟ್ ಮಾಡಿದ್ರೂ ಬರ್ಲಿಲ್ಲ" ಅಂದರು. ಮತ್ತೆ, "ಕಂಪನಿ ಇಂಕೇ ಹಾಕಿದೀನಿ" ಅಂದರು.

ಅಷ್ಟು ಜನರ ನಡುವೆ ಅದು ಅಮ್ಮನಲ್ಲ ಎಂದು ಗೊತ್ತಿದ್ದವರು ನಾವಿಬ್ಬರೇ. ಆದರೂ ನಾನು ಅವರನ್ನು ಊಟಕ್ಕೆ ಏಳಿ ಅನ್ನಲಿಲ್ಲ. ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತು ನಿಂತಿದ್ದು ಹೋದರು... ಆಮೇಲೆ ಆ ತಿರುವಿನಲ್ಲಿ ನಾನು ತಲೆಯೆತ್ತಿ ನಡೆದದ್ದಿಲ್ಲ. ಮದುವೆಯಾಗಿ ಈ ಕಡೆಗೆ ಬಂದ ಮೇಲೆ ಅವರು ತೀರಿಕೊಂಡ ಸುದ್ದಿ ಸಿಕ್ಕಿತು. ಹೋಗಲಿಲ್ಲ. ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ, ಹಾಗನ್ನಿಸುವುದಕ್ಕೂ ಅವರ ಮೇಲೇ ಸಿಟ್ಟು ಬರುತ್ತದೆ. ಬೈಯಲು ಕೂಡ ಆ ಮನುಷ್ಯ ಈಗಿಲ್ಲ.

ಆ ಫೋಟೋ ನಮ್ಮ ಹಜಾರದಲ್ಲಿದೆ. ಇಷ್ಟು ವರ್ಷವಾದರೂ ಒಂದು ಎಳೆ ಬಣ್ಣ ಕದಲಿಲ್ಲ. ಮಗಳಿಗೆ ಅಜ್ಜಿ ಎಂದರೆ ಆ ಫೋಟೋದವಳೇ. ಮೊದಮೊದಲು ಅಲ್ಲ ಕಣೇ, ಅಜ್ಜಿ ಹಾಗಿರಲಿಲ್ಲ ಅನ್ನುತ್ತಿದ್ದೆ. ಹಾಗಾದರೆ ಹೇಗಿದ್ದರು ಎಂದು ಅವಳು ಕೇಳುತ್ತಿದ್ದಳು. ಹೋದ ವಾರ ರೊಟ್ಟಿ ತಟ್ಟುತ್ತಾ ಅಮ್ಮನನ್ನು ನೆನೆಸಿಕೊಂಡೆ. ಕಣ್ಣ ಮುಂದೆ ಬಂದು ನಿಂತವಳು ಆ ಸೌಮ್ಯ ಹೆಂಗಸು.